ಬೊಳ್ಳೆಗೆ ಹೊದೆಸಿದ ಶಾಲು

ಮಣಿಪಾಲ
10-2-2004, ಮಂಗಳವಾರ

ಯಶ್ಮಿತಾಳ ಅಪ್ಪನವರಿಗೆ,

ನಮಸ್ಕಾರ. ಕಳೆದ ತಿಂಗಳು ಹದಿನೆಂಟನೇ ತಾರೀಕು ಭಾನುವಾರ, ಕಾರ್ಕಳದ ಮೈದಾನದಲ್ಲಿ, ನಿಮ್ಮ ಸನ್ಮಾನ ಸಮಿತಿಯ ವೇದಿಕೆಯ ಮೇಲಿನಿಂದ ನೀವು ಮೈಕಿನಲ್ಲಿ ಒಂದು ಸುಳ್ಳು ಹೇಳಿದಿರಿ. ಕುದುರೆಗೆ ತಲೆ ಕೆಟ್ಟಿತು, ಹುಡುಗಿಗೆ ಹಿಡಿತ ಸಿಗಲಿಲ್ಲ, ಅದಕ್ಕೇ ಬೆಂಜಮಿನ್ ಮಾಸ್ಟರರು ಕಾಲು ಮುರಿದುಕೊಂಡರು ಎಂದು. ಆ ಹುಡುಗಿ ನಿಮ್ಮ ಮಗಳು. ಅವಳಿಗೆ ಹದಿನಾರು ವರ್ಷ. ಅವಳು ಆ ಮಾತನ್ನು ನಂಬಿಕೊಂಡು ಕೂತಿದ್ದಾಳೆ.

ಬರುವ ಭಾನುವಾರ ನಿಮ್ಮ ಸಮಿತಿಯ ಸಭೆಯಲ್ಲಿ ಆ ಕುದುರೆಯನ್ನು ಇಂಜೆಕ್ಷನ್ ಕೊಟ್ಟು ಮುಗಿಸಬೇಕೆಂದು ಠರಾವು ಮಾಡುತ್ತೀರಿ ಎಂದು ಕೇಳಿದೆ. ಫೋನ್ ಮಾಡಿದರೆ ನೀವು ‘ಗಿರಾಕಿ ಬಂದಿದ್ದಾರೆ, ಮತ್ತೆ ಮಾಡು’ ಅನ್ನುತ್ತೀರಿ. ಆದ್ದರಿಂದ ಈ ಕಾಗದ.

ನೀವು ಕಾರ್ಕಳದಲ್ಲಿ, ನಾವಿಬ್ಬರು ಮಣಿಪಾಲದಲ್ಲಿ ಎಂದಾದ ಮೇಲೆ ಮಗಳು ಏನು ಕಲಿತಳು ಎಂಬುದು ನಿಮಗೆ ಅರ್ಧಂಬರ್ಧ ಮಾತ್ರ ಗೊತ್ತು. ‘ಕುದುರೆ ಸವಾರಿ’ ಎಂದು ಗೆಳೆಯರಿಗೆ ಹೇಳಿಕೊಂಡು ತಿರುಗಿದಿರಿ. ಅದು ಎಂಥದೆಂದು ಈಗ ಹೇಳುತ್ತೇನೆ. ಗೊತ್ತಿಲ್ಲದೆ ಇದ್ದರೆ ನೀವು ಮಾಡಿದ್ದೇನೆಂದು ನಿಮಗೂ ತಿಳಿಯುವುದಿಲ್ಲ.

ಬೆಂಜಮಿನ್ ಮಾಸ್ಟರರು ಹುಡುಗರಾಗಿದ್ದಾಗ, ಗೋವೆಯಲ್ಲಿ ಇನ್ನೂ ಪೋರ್ತುಗೀಸರು ಇದ್ದ ಕಾಲದಲ್ಲಿ, ಒಬ್ಬ ಅಧಿಕಾರಿಯ ಕುದುರೆಗಳ ಜೊತೆ ಹಡಗು ಹತ್ತಿ ಲಿಸ್ಬನ್ನಿಗೆ ಹೋದವರು. ಅಲ್ಲಿನ ಲಾಯವೊಂದರಲ್ಲಿ ಗೊಬ್ಬರ ಬಾಚುತ್ತಾ ಬಾಚುತ್ತಾ, ಯೂರೋಪಿನ ಅರಮನೆಗಳಲ್ಲಿ ಮುನ್ನೂರು ವರ್ಷದ ಹಿಂದೆ ನಡೆಯುತ್ತಿದ್ದ ಸವಾರಿಯನ್ನು ಕಲಿತರು. ಬರೋಕ್ ಡ್ರೆಸಾಜ್ ಎಂದು ಅದರ ಹೆಸರು. ಓಡಿಸುವುದಕ್ಕಲ್ಲ, ಹಾರಿಸುವುದಕ್ಕೂ ಅಲ್ಲ. ಕುದುರೆ ತನ್ನ ಭಾರವನ್ನು ಹಿಂಗಾಲಿಗೆ ತೆಗೆದುಕೊಂಡು ಹಗುರಾಗುವುದನ್ನು ಕಲಿಸುವುದು. ನಿಂತಲ್ಲೇ ಓಡುವುದು ಅದರಲ್ಲಿ ಒಂದು ಪಾಠ. ಆ ಒಂದು ಪಾಠಕ್ಕೇ ವರ್ಷಗಟ್ಟಲೆ ಬೇಕು. ಕಾಪುವಿನಲ್ಲಿ ಮಾಸ್ಟರರ ತಂಗಿ ಬರ್ತಾಬಾಯಿಯ ತೆಂಗಿನ ತೋಟದ ಹಿಂದೆ ಮರಳಿನ ಕಣ ಉಂಟಲ್ಲ, ಅಲ್ಲಿಗೆ ಮೀನು ತರುವ ಬೇಬಿ ಒಂದು ದಿನ ಬುಟ್ಟಿ ಇಳಿಸಿ ನೋಡಿ, “ನಿಂತಲ್ಲೇ ಓಡುವುದಕ್ಕೆ ಇಷ್ಟು ವರ್ಷ ಬೇಕಾ ಮಾಸ್ಟ್ರೇ? ನಮ್ಮ ಎಕ್ಸ್‌ಪ್ರೆಸ್ ಬಸ್ಸು ಉಡುಪಿ ಸ್ಟ್ಯಾಂಡಿನಲ್ಲಿ ದಿನಾ ಅದನ್ನೇ ಮಾಡುತ್ತದೆ” ಅಂದಳು. ಮಾಸ್ಟರರು ನಗುತ್ತಾ ಬೆತ್ತ ಕೆಳಗಿಟ್ಟರು. “ಬಸ್ಸು ಜನ ತುಂಬಲಿ ಅಂತ ಮಾಡುವುದು ಬೇಬಿ, ಇವ ನನ್ನ ಮಾತಿಗೆ ಮಾಡುವುದು” ಅಂದರು.

ಇವ ಅಂದರೆ ಬೊಳ್ಳೆ. ಪುಣೆಯಿಂದ ಬಂದಾಗ ಏನೋ ಇಂಗ್ಲಿಷ್ ಹೆಸರಿತ್ತು. ಬಿಳಿ ಎತ್ತಿಗೆ ನಮ್ಮ ತುಳುವಿನಲ್ಲಿ ಇಡುವ ಹೆಸರನ್ನು ಯಶ್ಮಿತಾ ಈ ಕುದುರೆಗೆ ಇಟ್ಟಳು.

ನಾನು ಗ್ರಂಥಾಲಯದ ಪುಸ್ತಕಗಳ ನಡುವೆ ಸಂಬಳ ಎಣಿಸುವವಳು. ನನಗೆ ನಾಯಿ ಕಂಡರೂ ಹೆದರಿಕೆ. ಮಗಳು ಕಲಿಯುವಾಗ ಕಣದ ಗೋಡೆಯ ಮೇಲೆ ಕೂತು ಸೆರಗಿನ ತುದಿ ಕಚ್ಚಿಕೊಂಡಿರುತ್ತಿದ್ದೆ. ಒಂದು ದಿನ ಮಾಸ್ಟರರು ಪಾಠ ನಿಲ್ಲಿಸಿ ನನ್ನ ಹತ್ತಿರ ಬಂದರು.

“ಪ್ರಫುಲ್ಲಕ್ಕ, ನೀವು ಉಸಿರು ಹಿಡಿಯುತ್ತೀರಿ. ಅದನ್ನು ನೋಡಿ ಹುಡುಗಿ ಉಸಿರು ಹಿಡಿಯುತ್ತಾಳೆ. ಆಗ ಇವನು ಹುಲಿ ಎಲ್ಲಿ ಉಂಟು ಅಂತ ಹುಡುಕುತ್ತಾನೆ. ಒಂದೋ ನೀವು ಬಸ್‌ಸ್ಟ್ಯಾಂಡಿನಲ್ಲಿ ಕೂರಿ, ಇಲ್ಲವೋ ಇಲ್ಲಿ ಬನ್ನಿ, ಹತ್ತಿ.”

ಬಸ್‌ಸ್ಟ್ಯಾಂಡಿಗೇ ಹೋಗುತ್ತೇನೆ ಅಂದೆ. ಮಗಳು ನಕ್ಕಳು. ಆ ನಗುವಿಗೆ ಹತ್ತಿದೆ. ಉದ್ದ ಹಗ್ಗದ ಒಂದು ತುದಿ ಮಾಸ್ಟರರ ಕೈಯಲ್ಲಿ, ಇನ್ನೊಂದು ಬೊಳ್ಳೆಯ ಮೂಗಿನ ಪಟ್ಟಿಯಲ್ಲಿ. ಕಾಲಿಡಲು ರಿಕಾಪು ಇಲ್ಲ, ಹಿಡಿಯಲು ಲಗಾಮಿಲ್ಲ. ಅವನ ಬೆನ್ನು ನನ್ನ ಕೆಳಗೆ ದೋಣಿಯ ಹಾಗೆ ಎದ್ದು ಇಳಿಯುತ್ತಿತ್ತು. ಹೆದರಿಕೆಯಿಂದ ಉಸಿರು ಕಟ್ಟಿದೆ, ಅವನು ತಟ್ಟನೆ ನಿಂತ. ಬಿಟ್ಟೆ, ನಡೆದ. ನಾನು ಏನೂ ಹೇಳದೆ ಇದ್ದರೂ ಅವನು ಕೇಳಿಸಿಕೊಳ್ಳುತ್ತಿದ್ದ. ಅದು ನನಗೆ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ಕೇಳಿಸಿಕೊಳ್ಳುವ ಪ್ರಾಣಿಯ ಮೇಲೆ ಕೂತರೆ ನಮ್ಮೊಳಗೆ ಇರುವುದೆಲ್ಲ ಹೊರಗೆ ಬೀಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ವಿದ್ಯೆಯ ಕೊನೆಯ ಪಾಠಗಳಲ್ಲಿ ಒಂದು ಲೆವಾಡ್. ಕುದುರೆ ಹಿಂಗಾಲುಗಳನ್ನು ಮಡಚಿ, ಸೊಂಟ ತಗ್ಗಿಸಿ, ಮುಂಗಾಲುಗಳನ್ನು ಎದೆಗೆ ಎಳೆದುಕೊಂಡು, ಎದ್ದು ನಿಲ್ಲುವುದು. ಅದನ್ನು ಕೇಳುವುದು ಹೇಗೆ ಗೊತ್ತೇ? ಕೂಗಿ ಅಲ್ಲ, ಹೊಡೆದೂ ಅಲ್ಲ. ಸುಮ್ಮನೆ ನಿಂತ ಕುದುರೆಯ ಎರಡೂ ಹಿಂಗಾಲಿನ ಗಂಟಿನ ಸ್ವಲ್ಪ ಮೇಲೆ ಬೆತ್ತದ ತುದಿಯಿಂದ ಮುಟ್ಟಬೇಕು. ನೊಣ ಕೂತಷ್ಟು. ನನ್ನ ಕೈಗೇ ಬೆತ್ತ ಕೊಟ್ಟು ಮುಟ್ಟಿಸಿದ್ದಾರೆ ಮಾಸ್ಟರರು. ಬೊಳ್ಳೆ ಎದ್ದಾಗ ನಾನು ಬೆತ್ತ ಬಿಸಾಡಿ ತೆಂಗಿನ ಮರದ ಹಿಂದೆ ಓಡಿದ್ದೆ. ಅಲ್ಲಿಂದಲೇ ಅವರ ಮಾತು ಕೇಳಿಸಿತು: “ಒಂದು ನೆನಪಿಡಿ. ಮೇಲೆದ್ದ ಕುದುರೆಯ ಲಗಾಮು ಎಳೆಯಬಾರದು. ಅವನಾಗಿ ಇಳಿಯುತ್ತಾನೆ. ಎಳೆದರೆ ನಿಮ್ಮ ಮೇಲೇ ಇಳಿಯುತ್ತಾನೆ.”

ಕಾರ್ಕಳಕ್ಕೆ ಬರಲು ಅವರಿಗೆ ಮನಸ್ಸಿರಲಿಲ್ಲ. ನೀವು ಕಾರು ಮಾಡಿಕೊಂಡು ಕಾಪುವಿಗೆ ಬಂದು, ‘ನಮ್ಮ ತಾಲೂಕಿನ ಹುಡುಗಿಗೆ ಕಲಿಸಿದವರು, ನಿಮಗೆ ಒಂದು ಸನ್ಮಾನ ಆಗಲೇಬೇಕು’ ಎಂದು ಹಟ ಹಿಡಿದಿರಿ. ಅವರು ಮೂರು ಮಾತು ತೆಗೆದುಕೊಂಡರು. ಬ್ಯಾಂಡ್ ಬೇಡ. ಗರ್ನಾಲು ಸಿಡಿಸುವುದು ಬೇಡ. ಕುದುರೆಯ ಹಿಂದೆ ಯಾರೂ ಬರಬಾರದು. ಮೊದಲ ಎರಡನ್ನು ನೀವು ಪಾಲಿಸಿದಿರಿ, ಅದನ್ನು ಒಪ್ಪುತ್ತೇನೆ.

ಯಶ್ಮಿತಾ ಅಷ್ಟು ಜನರ ಎದುರು ಅವನನ್ನು ನಿಂತಲ್ಲೇ ಓಡಿಸಿದಳು. ಮೈದಾನ ಉಸಿರಾಡಲಿಲ್ಲ. ಆಮೇಲೆ ಬೊಳ್ಳೆ ಅವಳನ್ನು ಹೊತ್ತು ಕಂಬದ ಹಾಗೆ ನಿಂತ. ಅವನ ಪಕ್ಕದಲ್ಲೇ ನಿಂತಿದ್ದ ಮಾಸ್ಟರರಿಗೆ ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ಪೇಟ ಇಟ್ಟಿರಿ. ಆ ಪೇಟ ಅವರ ಹುಬ್ಬಿನ ಕೆಳಗೆ ಜಾರಿ ಅವರಿಗೆ ತಮ್ಮ ಬೂಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದರೆ ನಿಮಗೆ ಕೈ ಸುಮ್ಮನೆ ಇರುವುದಿಲ್ಲ, ಇದು ನನಗೆ ಮದುವೆಯಾದ ವರ್ಷದಿಂದ ಗೊತ್ತು. ನಿಮ್ಮ ಕಲ್ಲುಕೋರೆಗೆ ಬಂದ ಹೊಸ ಕೊಯ್ಯುವ ಯಂತ್ರಕ್ಕೂ ಶಾಲು ಹೊದೆಸಿದವರು ನೀವು. “ಮಾಸ್ಟ್ರಿಗೆ ಮಾತ್ರ ಆದರೆ ಹೇಗೆ? ಕುದುರೆಗೂ ಒಂದು ಸನ್ಮಾನ ಆಗಲಿ!” ಎಂದು ಇನ್ನೊಂದು ಶಾಲು ಬಿಡಿಸಿಕೊಂಡು ಹಿಂದಿನಿಂದ ಹೋದಿರಿ.

ನಾನು ವೇದಿಕೆಯ ಬಲಗಡೆ, ಯಶ್ಮಿತಾಳ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ನಿಮ್ಮನ್ನು ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಕುದುರೆ ಬೆಚ್ಚುತ್ತದೆಂದು ಹೆದರಿದೆ. ಶಾಲು ಅವನ ಬೆನ್ನಿನ ಹಿಂಭಾಗದ ಮೇಲೆ ಇಳಿಯಿತು. ಅದರ ಜರಿಯ ಕುಚ್ಚುಗಳು ಎರಡೂ ಕಡೆ ಜೋತು, ಹಿಂಗಾಲಿನ ಗಂಟಿನ ಮೇಲೆ, ಬೆತ್ತ ಮುಟ್ಟುವ ಜಾಗದಲ್ಲೇ ಮುಟ್ಟಿದವು.

ಬೊಳ್ಳೆ ಕಲಿತದ್ದನ್ನು ಮಾಡಿದ.

ಯಶ್ಮಿತಾ ಮಾಡಬೇಕಾದದ್ದನ್ನೇ ಮಾಡಿದಳು. ಲಗಾಮು ಸಡಿಲ ಬಿಟ್ಟು ಕುತ್ತಿಗೆಯ ಕೂದಲು ಹಿಡಿದಳು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವನಾಗಿ ಇಳಿಯುತ್ತಿದ್ದ. ನೀವು “ಅಯ್ಯೋ ಮಗಳೇ” ಎಂದು ಓಡಿ ಮುಂದೆ ಬಂದು ಲಗಾಮಿಗೆ ಜೋತು ಬಿದ್ದಿರಿ. ಮಗಳ ಮೇಲಿನ ಪ್ರೀತಿಗೆ ಹಾಗೆ ಮಾಡಿದಿರಿ. ಅದಕ್ಕೆ ನಾನು ನಿಮ್ಮನ್ನು ಬೈಯುವುದಿಲ್ಲ, ನಿಮ್ಮ ಜಾಗದಲ್ಲಿ ಯಾವ ಅಪ್ಪನಾದರೂ ಹಾಗೆ ಮಾಡುತ್ತಿದ್ದ. ಬೊಳ್ಳೆ ವಾಲಿದ. ಮಾಸ್ಟರರು ಪೇಟ ಕಿತ್ತೆಸೆದು ಅವಳ ಸೊಂಟ ಹಿಡಿದು ಎಳೆದುಕೊಂಡರು. ಅವಳು ಆಚೆ ಬಿದ್ದಳು, ಅವರು ಕೆಳಗೆ ಸಿಕ್ಕಿದರು. ಗ್ರಂಥಾಲಯದಲ್ಲಿ ಯಾರಾದರೂ ದಪ್ಪ ಪುಸ್ತಕ ಬೀಳಿಸಿದರೂ ಸಾಕು, ಆ ಸದ್ದು ಈಗಲೂ ನನಗೆ ಕೇಳುತ್ತದೆ.

ಮೈಕಿನಲ್ಲಿ ಹಾಗೆ ಹೇಳಿದಾಗ ನಿಮಗೆ ಇದು ತಿಳಿದಿರಲಿಲ್ಲ ಎಂದೇ ಇಟ್ಟುಕೊಳ್ಳೋಣ, ಆಮೇಲೆ ಆಸ್ಪತ್ರೆಯ ಜಗಲಿಯಲ್ಲಿ ಇದನ್ನೆಲ್ಲ ನಿಮಗೆ ಹೇಳಿದೆ. ನಿಮಗೆ ತಕ್ಷಣ ಅರ್ಥವಾಯಿತು, ಮುಖ ನೋಡಿದೆ. ಆಮೇಲೆ ನೀವು ಆಚೀಚೆ ನೋಡಿ, “ಇದನ್ನು ಹೊರಗೆ ಹೇಳುವುದು ಬೇಡ ಮಾರಾಯ್ತಿ. ಶಾಲು ಹೊದೆಸಿ ಕುದುರೆ ಬೀಳಿಸಿದವ ಅಂತ ಊರಿಡೀ ನಗುತ್ತದೆ. ನನಗೆ ಅಲ್ಲಿ ಮುಖ ಉಂಟು” ಅಂದಿರಿ.

ಕೋರೆಯ ಸಿಡಿತಕ್ಕೆ ಪಕ್ಕದ ಶಾಲೆಯ ಹೆಂಚು ಬಿದ್ದ ವರ್ಷ ನೀವು ತಪ್ಪನ್ನು ಮಂಗಗಳ ಮೇಲೆ ಹಾಕಿದಿರಿ. ಮಂಗಗಳು ಬಂದು ಅಲ್ಲ ಅನ್ನಲಿಲ್ಲ. ಕುದುರೆಯೂ ಅನ್ನುವುದಿಲ್ಲ ಎಂದು ನಿಮ್ಮ ಲೆಕ್ಕ.

ಆದರೆ ನಿಮ್ಮ ಮಗಳು ಅಲ್ಲ ಅನ್ನುತ್ತಿಲ್ಲವಲ್ಲ! ಹೌದು ಅನ್ನುತ್ತಾಳೆ. “ನಾನು ಕೇಳದೆ ಅವನು ಏಳುವುದಿಲ್ಲ ಅಮ್ಮ. ನನಗೇ ತಿಳಿಯದೆ ನನ್ನ ಸೊಂಟ ಕೇಳಿರಬೇಕು” ಅನ್ನುತ್ತಾಳೆ. ಅಡುಗೆಮನೆಯಲ್ಲಿ ಲೋಟ ಎತ್ತುವಾಗಲೂ ತನ್ನ ಕೈಯನ್ನು ಬೇರೆಯವರ ಕೈ ಎಂಬಂತೆ ನೋಡುತ್ತಾಳೆ. ಬಸ್ಸಿನಲ್ಲಿ ಪಕ್ಕದವರಿಗೆ ತಾಗದ ಹಾಗೆ ಮುದುಡಿ ಕೂರುತ್ತಾಳೆ. ಶಾಲಿನ ವಿಷಯ ನಾನು ಹೇಳಿದೆ. “ನೀನು ನನ್ನ ಸಮಾಧಾನಕ್ಕೆ ಹೇಳುವುದು. ಅಪ್ಪ ಹೇಳಲಿ, ನಂಬುತ್ತೇನೆ” ಅಂದಳು. ನೀವು ಅವಳನ್ನು ನೋಡಲು ಬಂದ ದಿನ ನಾನು ಬೇಕೆಂದೇ ಒಳಗೆ ಹೋಗಿ ಚಹಾಕ್ಕೆ ತಡ ಮಾಡಿದೆ. ನೀವು ಅವಳ ಹತ್ತಿರ ಪರೀಕ್ಷೆಯ ವಿಷಯ ಮಾತಾಡಿ ಎದ್ದು ಹೋದಿರಿ.

ಮಾಸ್ಟರರಿಗೂ ಹೇಳಿದೆ. ಪೇಟ ಕಣ್ಣಿಗೆ ಜಾರಿ ಶಾಲು ಹೊದೆಸಿದ್ದು ಕಾಣದೆ, ಅಲ್ಲಿಯವರೆಗೆ ಅವರೂ ಹುಡುಗಿಯ ತಪ್ಪೆಂದೇ ತಿಳಿದಿದ್ದರು. ಹಾಗೆ ತಿಳಿದೇ ನಿಮ್ಮ ಸಮಿತಿಯವರಿಗೆ, ಕುದುರೆಯನ್ನು ಏನು ಬೇಕಾದರೂ ಮಾಡಿ, ಹುಡುಗಿಯ ಹೆಸರು ಮಾತ್ರ ಇನ್ನು ಎಲ್ಲಿಯೂ ಬರಬಾರದು ಎಂದು ಮಾತು ಕೊಟ್ಟುಬಿಟ್ಟಿದ್ದರು. ನಿಮ್ಮ ಮಗಳನ್ನು ಉಳಿಸಲು ತಮ್ಮ ಕೈಯಾರೆ ಬೆಳೆಸಿದ ಕುದುರೆಯನ್ನು ಬಿಟ್ಟುಕೊಟ್ಟ ಮನುಷ್ಯ ಅದು. ಸಭೆಗೆ ಬಂದು ನಾನೇ ಹೇಳುತ್ತೇನೆ ಅಂದೆ. “ನೀವು ಹೇಳಿದರೆ ಗಂಡ ಹೆಂಡತಿ ಜಗಳ ಅನ್ನುತ್ತಾರೆ ಪ್ರಫುಲ್ಲಕ್ಕ. ಶಾಲು ಹಿಡಿದ ಕೈಯೇ ಹೇಳಬೇಕು” ಅಂದರು. ಬರ್ತಾಬಾಯಿ ಮಂಚದ ಆಚೆ ನಿಂತು ಕಣ್ಣೊರೆಸುತ್ತಿದ್ದಳು. ನಾನು ಅವಳ ಮುಖ ನೋಡಲಾಗದೆ ಎದ್ದು ಬಂದೆ.

ನನ್ನ ಮಾತು ನಿಮಗೂ ಬೇಡವಾದರೆ ಒಂದು ಕೆಲಸ ಮಾಡಿ. ನಿಮ್ಮ ಕೋರೆಯ ಆಫೀಸಿನ ಗೇಟಿನಲ್ಲಿ ಶಿಲ್ಪಿಗಳು ಕೆತ್ತಿಟ್ಟ ಕಲ್ಲಿನ ಕುದುರೆ ಉಂಟಲ್ಲ, ಮುಂಗಾಲೆತ್ತಿ ನಿಂತದ್ದು, ನಾಳೆ ಬೆಳಿಗ್ಗೆ ಅದರ ಹಿಂಗಾಲು ನೋಡಿ. ಮಡಚಿವೆ. ಹೆದರಿ, ಕೆರಳಿ ಏಳುವ ಕುದುರೆಯ ಹಿಂಗಾಲು ಕೋಲಿನ ಹಾಗೆ ನೆಟ್ಟಗಿರುತ್ತದೆ. ಕಲಿತು ಏಳುವ ಕುದುರೆಯದು ಮಡಚಿರುತ್ತದೆ. ಇದು ಆ ಕೆತ್ತಿದವನಿಗೆ ಗೊತ್ತಿತ್ತು. ಆ ದಿನ ಬೊಳ್ಳೆಯ ಕಾಲು ಹೇಗಿತ್ತೆಂದು ನೀವು ಹಿಂದೆಯೇ ನಿಂತು ನೋಡಿದ್ದೀರಿ.

ನನಗೆ ಹೆದರಿಕೆ ಉಂಟು. ಭಾನುವಾರ ಕಳೆದರೆ ಇಂಜೆಕ್ಷನ್ ಹಿಡಿದವರು ಕಾಪುವಿನ ಆ ಕಣಕ್ಕೆ ಬರುತ್ತಾರೆ, ಬೊಳ್ಳೆ ಅವರನ್ನೂ ನಂಬಿ ಕುತ್ತಿಗೆ ಚಾಚುತ್ತಾನೆ. ಆಮೇಲೆ ಯಶ್ಮಿತಾ ಜೀವಮಾನವಿಡೀ ತನ್ನ ಕೈಗಳನ್ನು ನೋಡಿಕೊಂಡೇ ಇರುತ್ತಾಳೆ. ಜನ ನಿಮ್ಮನ್ನು ನೋಡಿ ನಗಬಹುದು. ಒಂದು ವಾರ ನಗುತ್ತಾರೆ, ಹೆಚ್ಚೆಂದರೆ ಮಳೆಗಾಲದವರೆಗೆ. ಅದನ್ನು ತಡೆದುಕೊಳ್ಳಲು ನಿಮಗೆ ಆಗುವುದಿಲ್ಲವೇ?

ಭಾನುವಾರ ಅದೇ ಮೈಕಿನಲ್ಲಿ, ಅಷ್ಟೇ ಗಟ್ಟಿಯಾಗಿ, ನಿಜ ಹೇಳಿ.

ಇಂತು,
ಇನ್ನೂ ನಿಮ್ಮ ಹೆಸರು ಬರೆಯಲಾರದ
ಪ್ರಫುಲ್ಲಾ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ ಮೇಲೆ ಇದನ್ನು ಬರೆಯಬೇಕೆನಿಸಿತು. ಆ ಶಾಲು ನನ್ನ ಹತ್ತಿರವೇ ಉಂಟು. ಗಲಾಟೆಯಲ್ಲಿ ಯಾರೂ ಎತ್ತಿರಲಿಲ್ಲ. ಈ ಬೆಳಿಗ್ಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ಕಾಪುವಿಗೆ ಹೋದೆ. ಲಾಯ ನೋಡಿಕೊಳ್ಳುವ ಹೊಳೆಪ್ಪ, “ಬ್ಯಾಡ್ರೀ ಅಮ್ಮಾರ, ನೀವು ಬಿದ್ರ ನನ್ನ ಕೊರಳಿಗೆ ಬರ್ತದ” ಅಂತ ಬಹಳ ಹೇಳಿದ. ಬೊಳ್ಳೆಯ ಮೇಲೆ ನಾನು ಕೂತೆ. ಉದ್ದ ಹಗ್ಗ ಇರಲಿಲ್ಲ. ನನ್ನ ಹೆದರಿಕೆ ಅವನಿಗೂ ತಿಳಿಯಿತು, ಕಿವಿ ಹಿಂದಕ್ಕೆ ತಿರುಗಿಸಿದ. ಹೊಳೆಪ್ಪ ಹಿಂದಿನಿಂದ ಬಂದು ನೀವು ಹೊದೆಸಿದ ಹಾಗೆಯೇ ಶಾಲು ಹೊದೆಸಿದ. ಬೊಳ್ಳೆ ಎದ್ದ. ಗೋಡೆಯ ಮೇಲಿನಿಂದ ಕಡಲ ದಂಡೆಯ ದೀಪಸ್ತಂಭದ ತುದಿ ಕಾಣಿಸಿತು. ನಾನು ಲಗಾಮು ಎಳೆಯಲಿಲ್ಲ. ಉಸಿರು ಬಿಟ್ಟೆ. ಅವನಾಗಿ ಇಳಿದ, ಹೂ ಇಳಿಸಿದ ಹಾಗೆ.

ಯಶ್ಮಿತಾಳಿಗೆ ಇದನ್ನು ಹೇಳಿಲ್ಲ. ಭಾನುವಾರ ಹತ್ತು ಗಂಟೆಗೆ ಬೊಳ್ಳೆಯನ್ನು ಲಾರಿಯಲ್ಲಿ ಅದೇ ಮೈದಾನಕ್ಕೆ ತರುತ್ತೇನೆ, ಅವಳನ್ನೂ ಕರೆತರುತ್ತೇನೆ. ಮೇಲೆ ಕೂರುವವಳು ನಾನು. ನಿಮ್ಮ ಸಮಿತಿಯವರೆಲ್ಲ ಸುತ್ತ ನಿಲ್ಲಲಿ. ಶಾಲು ಹೊದೆಸುವ ಕೈ ನಿಮ್ಮದೇ ಆಗಬೇಕು. ಹೊದೆಸಿ, ಲಗಾಮು ಮುಟ್ಟದೆ ಪಕ್ಕಕ್ಕೆ ನಿಂತು, ಮಗಳ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ: ಆ ದಿನ ಈ ಕುದುರೆ ಯಾಕೆ ಎದ್ದಿತು?