ಕುರಿಯ ಶ್ವಾಸಕೋಶ ಊದಿದ ಮೇಲೆ

ಬಾಬಾ, ನನಗೆ ಮದುವೆಯಾಯಿತು, ಹಾತಿಮ್ ಎಷ್ಟು ಒಳ್ಳೆಯವನು ಅಂತೀಯಾ! ನೀನು ತೀರಿಕೊಂಡು ವರ್ಷವಾದರೂ ಮೊದಲು ನಿನಗೇ ಹೇಳಬೇಕೆನಿಸಿತು.

ನಿನ್ನೆ ಬಕ್ರೀದ್. ಅತ್ತೆಯ ಮನೆಯಂಗಳದಲ್ಲಿ ಕಸಾಯಿಯವನು ಕೊಯ್ದಿಟ್ಟ ಕುರಿಯ ಶ್ವಾಸಕೋಶ ಕಂಡದ್ದೇ, ನೀನು ನಿನ್ನ ಮಾಂಸದಂಗಡಿಯಲ್ಲಿ ಮಾಡುತ್ತಿದ್ದಂತೆ ನಾನೂ ಶ್ವಾಸನಾಳಕ್ಕೆ ಬಾಯಿಟ್ಟು ಊದಿಬಿಟ್ಟೆ. ಮುದುಡಿದ್ದ ಮುದ್ದೆ ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬಿತು! ಕವಲೊಡೆಯುವ ನಾಳಗಳು, ತುದಿಯಲ್ಲಿ ಲೆಕ್ಕವಿಲ್ಲದಷ್ಟು ಗಾಳಿಗುಳ್ಳೆಗಳು, ಅವುಗಳ ತೆಳು ಗೋಡೆಯ ಮೂಲಕ ರಕ್ತ ಆಮ್ಲಜನಕ ಪಡೆದು ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಡುವುದು, ಎಲ್ಲವನ್ನೂ ಸಂಭ್ರಮದಿಂದ ವಿವರಿಸಿದೆ.

"ಮೇಷ್ಟ್ರ ಮಗಳು ಅಂದ್ರೆ ಹೀಗಿರ್ಬೇಕು!" ಎಂದರು ಅತ್ತೆ. "ಆ ಕಸಾಯಿಯವನಿಗೆ ಕತ್ತರಿಸೋದು ಬಿಟ್ರೆ ಏನ್ ಗೊತ್ತು ಹೇಳು?"

ನಾನು ನಕ್ಕೆ, ಬಾಬಾ.

ನೀನು ವಿಜ್ಞಾನದ ಮೇಷ್ಟ್ರು ಎಂದು ಇವರಿಗೆ ಹೇಳಿದ್ದೇನೆ. ಇಂಗ್ಲಿಷ್ ಶಾಲೆಯಲ್ಲೂ ಹಾಗೇ ಹೇಳಿದ್ದೆ. ನಿನಗೆ ಗೊತ್ತಿತ್ತೇನೋ, ಶಾಲೆಯ ಗೇಟಿಗೆ ಬರುವಾಗ ನೀನು ಏಪ್ರನ್ ಬಿಚ್ಚಿಟ್ಟು, ಕೈ ಮೂಸಿ ನೋಡಿಕೊಳ್ಳುತ್ತಿದ್ದೆ. ಶಾಲೆ ಕಲಿಸಿದ್ದು ಆ ನಾಳ, ಗುಳ್ಳೆಗಳ ಹೆಸರುಗಳನ್ನು, ಊದಿ ತೋರಿಸಿದವನು ನೀನು.

"ಮೇಷ್ಟ್ರ ಗೋರಿಗೆ ಹೋಗ್ಬರೋಣ ಕಣೇ," ಎಂದಿದ್ದಾರೆ ಅತ್ತೆ. ಅವರನ್ನು ಮೊದಲು ನಿನ್ನ ಅಂಗಡಿಯೆದುರು ನಿಲ್ಲಿಸಿ, ಬೋರ್ಡಿನ ಮೇಲಿರುವ ನಿನ್ನ ಹೆಸರನ್ನು ನಾನೇ ಓದಿ ಹೇಳುತ್ತೇನೆ. ಗುರುವಾರ, ಕೈರೋದಿಂದ ನಮ್ಮೂರು ತಾಂತಾಕ್ಕೆ ಬರುವ ಬೆಳಗಿನ ಎಂಟರ ರೈಲು.