ಅಕ್ಕನಿಗೆ ಮೊದಲ ಸೂಜಿ

ಅವ್ವಾ,

ಎರಡನೆಯ ಅಲೆಯಲ್ಲಿ ನೀನು ಹೋಗಿ ವರ್ಷವಾಗುತ್ತ ಬಂತು. ಇಂದು ಬೆಟಗೇರಿಯ ಶಾಲೆಯಲ್ಲಿ ಮಕ್ಕಳಿಗೆ ಕೊರೋನಾ ಲಸಿಕೆ ಹಾಕಿದರು. ಅನುರಾಧಾ, ಸುಮಂತ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ.

ಹೊರಡುವಾಗ ಅತ್ತೆ ಬಾಗಿಲಿಗೆ ಬಂದರು. “ಹುಡುಗಿಗೆ ಹಾಕಿಸ್ಕೊಂಡು ಬಾ. ಹುಡುಗಂದು ಮುಂದ ನೋಡೂಣು. ಒಬ್ಬನ ಅದಾನ.”

“ಇಬ್ಬರಿಗೂ ಹಾಕಸ್ತೀನ್ರಿ. ನನ್ನ ತಮ್ಮ ಸಂಜೂಂದು ನಿಮಗ ಗೊತ್ತೈತಲ್ರಿ,” ಎಂದೆ. ಅವರು ಒಳಗೆ ಹೋದರು.

ನಾನು ಚಿಕ್ಕವಳಿದ್ದಾಗ ದಡಾರದ ಸೂಜಿ ಹಾಕಲು ನರ್ಸಬಾಯಿ ನಮ್ಮ ಓಣಿಗೆ ಬಂದಾಗ ನೀನು ತಮ್ಮನನ್ನು ಕುಣಿಮಗ್ಗದ ಗುಂಡಿಯಲ್ಲಿ, ನೇಯುವಾಗ ಕಾಲು ಇಳಿಬಿಡುವ ಜಾಗದಲ್ಲಿ, ಕೂರಿಸಿ ಮೇಲೆ ಹಳೆಯ ಸೀರೆ ಮುಚ್ಚಿದ್ದೆ. ನನ್ನನ್ನು ಅವರ ಮುಂದೆ ನಿಲ್ಲಿಸಿ, “ನಮಗ ಇರಾಕಿ ಇಕಿ ಒಬ್ಬಾಕೀರಿ,” ಎಂದಿದ್ದೆ. ಮರುವರ್ಷ ಬೇಸಿಗೆಯಲ್ಲಿ ಸಂಜು ದಡಾರ ಎದ್ದು ತೀರಿಕೊಂಡ. ಆ ಮಗ್ಗದಲ್ಲಿ ನೀನು ಮತ್ತೆ ಕೂರಲಿಲ್ಲ. ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಲಿಲ್ಲ.

ಶಾಲೆಯ ಸಾಲಿನಲ್ಲಿ ಸುಮಂತ ಮುಂದಿದ್ದ. ಸಿಸ್ಟರ್ ಅವನ ತೋಳನ್ನು ಹತ್ತಿಯಿಂದ ಒರೆಸಿದರು. ನಾನು ಅವನನ್ನು ಹಿಂದಕ್ಕೆ ಎಳೆದುಕೊಂಡೆ.

“ಮೊದಲ ಅಕ್ಕಗ ಹಾಕ್ರಿ.”

“ಯಾಕಬೇ? ನಂದ ಪಾಳಿ ಇತ್ತಲ್ಲ!” ಎಂದು ಅವನು ಸಿಟ್ಟಾದ. “ಅಂಜಿದ್ಯಾ ಏನ್ಲೇ?” ಎಂದು ಅನುರಾಧಾ ನಕ್ಕಳು. ಅಂಗಿಯ ತೋಳು ಮೇಲೇರಿಸಿ ಮುಂದೆ ಬಂದಳು.

ಆಮೇಲೆ ಅವಳನ್ನು ಅರ್ಧ ತಾಸು ಬೆಂಚಿನ ಮೇಲೆ ಕೂರಿಸಿ, ಮುಖವನ್ನೇ ನೋಡುತ್ತ ನಿಂತೆ. “ಏನೂ ಆಗಿಲ್ಲಬೇ, ನಡಿ,” ಎಂದಳು. ಆಗ ಸುಮಂತನಿಗೆ ಹಾಕಿಸಿದೆ.

ಮನೆಗೆ ಬಂದು ಅತ್ತೆಗೆ, “ಇಬ್ಬರದೂ ಆತ್ರಿ,” ಎಂದು ಹೇಳಿದೆ. ಅದು ಸುಳ್ಳಲ್ಲ; ಯಾರಿಗೆ ಮೊದಲು ಎಂಬುದನ್ನಷ್ಟೇ ಹೇಳಲಿಲ್ಲ.