ಹೊಂಗೆಮರದ ರಾಜಹಕ್ಕಿ

ರಾಯದುರ್ಗ
6-7-2025

ಪೂಜ್ಯ ಅತ್ತೆಯವರಿಗೆ ಗಂಗೋತ್ರಿಯ ನಮಸ್ಕಾರಗಳು.

ಅಮರಾಪುರದಾಗ ಮಗಳ ಮನೆಯಲ್ಲಿ ಆರಾಮ ಇದ್ದೀರಿ ಅಂದ್ಕೊಂಡೀನಿ. ಪತ್ರ ತಡ ಆತು, ಬೈಬ್ಯಾಡ್ರಿ. ಫೋನ್ ಮಾಡಿದ್ರ ‘ಹೂಂ’ ಅಂದು ಇಟ್ಟುಬಿಡ್ತೀರಿ, ಅದಕ್ಕ ಬರೆಯಾಕ ಕೂತೆ. ಸೊಸೆ ಕರೆಂಟ್ ಕಂಬ ಹತ್ತೋದು ನೋಡಲಾರೆ ಅಂತ ಹೋದ್ರಲ್ಲ, ಆ ಸೊಸೆ ಗೆದ್ದ ಸುದ್ದಿ ಕೇಳ್ರಿ!

ಬೊಮ್ಮನಹಾಳ್ ಕಾಲುವೆ ಪಕ್ಕ ಒಂದು ಹೊಂಗೆಮರ. ಗಾಳಿ ಬಂದ್ರ ಕೊಂಬೆ ಲೈನಿಗೆ ತಾಗಿ ಹೊಲದ ಮೋಟಾರೆಲ್ಲ ನಿಲ್ತಿದ್ದವು. ಹೋದ ತಿಂಗಳು ಕಡಿಯಾಕ ಅಂತ ಏಣಿ ಹತ್ತಿದ್ರ, ಅದೇ ಕೊಂಬೆ ಕವಲಿನಾಗ ಬೊಗಸೆಯಷ್ಟು ಗೂಡು. ಒಳಗ ರಾಜಹಕ್ಕಿ! ನೊಣ ಹಿಡಿದು ತಿನ್ನೋ ಪುಟ್ಟ ಹಕ್ಕಿ. ಹಾಲಿನಂಥ ಮೈ, ಕರೀ ಜುಟ್ಟು, ಗೇಣುದ್ದ ಬಾಲ ರಿಬ್ಬನ್ನಿನಂಗ ಇಳಿಬಿದ್ದಿತ್ತು. ಗಂಡು, ಅತ್ತೆ, ಗಂಡೇ ಕಾವಿಗೆ ಕೂತಿತ್ತು. ಕಂದು ಬಣ್ಣದ ಹೆಣ್ಣು ಬಂದ ಮ್ಯಾಲ ಎದ್ದು ಜಾಗ ಬಿಟ್ಟಿತು.

ಕೆಳಗಿಂದ ರೈತ ಯರ್ರಪ್ಪ ಕೂಗಿದ: “ಏನ್ ನೋಡ್ತೀಯವ್ವ, ಕಡಿ! ಸಸಿಮಡಿ ಒಣಗ್ತೈತಿ.”

ಆತಂದೂ ತಪ್ಪಲ್ಲ. “ಕೊಂಬೆ ಕಡಿಯಲ್ಲ ಕಾಕಾ. ಸಂಜಿಯೊಳಗ ಮೋಟಾರು ಓಡಿಸ್ತೀನಿ,” ಅಂದೆ.

“ಹೆಣ್ಮಗಳ ಕೈಲಿ ಆಗೋ ಮಾತಾ ಇದು?” ಅಂತ ಯಾರೋ ನಕ್ಕರು.

ನಮ್ಮ ಕರೆಂಟ್ ಆಫೀಸಿನ ಶ್ರೀನಿವಾಸ್ ಸಾರ್‌ಗೆ ಹೇಳಿ ಲೈನ್ ಬಂದ್ ಮಾಡಿಸಿದೆ. ಬೆಲ್ಟ್ ಕಟ್ಟಿ ಕಂಬ ಹತ್ತಿದೆ. ಜೋತುಬಿದ್ದ ತಂತಿ ಬಿಗಿದೆ, ಕೊಂಬೆ ತಾಗೋ ಕಡೆ ತಂತಿಗೆ ರಬ್ಬರಿನ ಕವರ್ ಪೈಪ್ ತೊಡಿಸಿದೆ. ಎರಡೂ ಹಕ್ಕಿ ನನ್ನ ಹೆಲ್ಮೆಟ್ ಸುತ್ತ ಹಾರಿ ಹಾರಿ ಬೈದವು. ಬೈಸ್ಕೊಂಡೇ ಕೆಲಸ ಮುಗಿಸಿದೆ.

ಕರೆಂಟ್ ಬಂತು. ಮೋಟಾರು ಓಡಿದವು, ಕೊಂಬೆ ತೂಗಿದ್ರೂ ನಿಲ್ಲಲಿಲ್ಲ! ಹಕ್ಕಿ ತಿರುಗಿ ಗೂಡಿಗೆ ಬಂದು ಕೂತಾಗ ನಕ್ಕವರೇ ಚಪ್ಪಾಳೆ ತಟ್ಟಿದ್ರು. ಯರ್ರಪ್ಪ ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟು, “ಇನ್ನ ಈ ಮರಕ್ಕ ಯಾರೂ ಕೊಡ್ಲಿ ಮುಟ್ಟಂಗಿಲ್ಲ,” ಅಂದ.

ನಿನ್ನೆ ಮರಿ ಹಾರಿದವು. ನೋಡಾಕ ಅರ್ಧ ಊರೇ ಕಾಲುವೆ ಏರಿ ಮ್ಯಾಲೆ ನಿಂತಿತ್ತು.

ಮೊಮ್ಮಗಳು ಮೌನಿಕಾಗ ಮುದ್ದು ಹೇಳ್ರಿ, ಚಂದಾಗಿ ಓದಲಿ. ನಿಮ್ಮ ಆಶೀರ್ವಾದ ನನ್ನ ಬೆನ್ನಿಗಿರಲಿ.

ನಿಮ್ಮ ಸೊಸೆ,
ಗಂಗೋತ್ರಿ

ಇದೊಂದು ಉಳಿದಿತ್ತು: ನಿಮ್ಮ ಮಗ ಲೈನಿನ ಮ್ಯಾಲ ಜೀವ ಬಿಟ್ಟಾಗ ಊರೆಲ್ಲ ಅತ್ತಿತು, ನಾವಿಬ್ಬರೂ ಒಬ್ಬರ ಮುಂದ ಒಬ್ಬರು ಅಳಲಿಲ್ಲ. ಅವರ ಕೆಲಸಾನ ನನಗ ಕೊಟ್ರು, ನೀವು ಎದ್ದು ಹೋದ್ರಿ. ಸಿಟ್ಟು ಮಾಡಬ್ಯಾಡ್ರಿ ಅನ್ನಲ್ಲ. ಆದ್ರ ಈ ಮನಿಯಾಗ ಅವರನ್ನ ‘ಮಾರೇಶಾ’ ಅಂತ ಹೆಸರು ಹಿಡಿದು ಕೂಗೋರು ನೀವೊಬ್ಬರೇ ಇದ್ರಿ. ನೀವು ಹೋದ ಮ್ಯಾಲ ಆ ಹೆಸರು ನನ್ನ ಕಿವಿಗೇ ಬಿದ್ದಿಲ್ಲ. ಒಂದ್ಸಲ ಬಂದು ಕೂಗ್ರಿ ಅತ್ತೆ.